ಮೂಡಣ ತಟ್ಟೆ, ಪಡುವಣ ತಟ್ಟೆ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಉಕ್ಕಿ ಹರಿಯುತ್ತಿದ್ದ ಹೊಳೆಯನ್ನು ಬಾಳೆದಿಂಡಿನ ತೆಪ್ಪದ ಮೇಲೆ ದಾಟಿ, ಆಚೆ ದಡದ ಪಟ್ಟಣದಿಂದ ತಂತಿ ಕಚೇರಿಯ ದೇವೀರಮ್ಮನವರನ್ನು ಅದೇ ತೆಪ್ಪದ ಮೇಲೆ ಕೂರಿಸಿಕೊಂಡು ಬಂದೆ. ವಾಕ್ಯವನ್ನು ಬರೆಯುವುದು ಸುಲಭ, ಕೆಲಸ ಸುಲಭವಾಗಿರಲಿಲ್ಲ. ನಮ್ಮೂರಿಗೆ ಹೈಸ್ಕೂಲು ಬೇಕೋ ಬೇಡವೋ ಎಂಬುದನ್ನು ಆಗ ತಕ್ಕಡಿಕಟ್ಟೆಯ ದೊಡ್ಡ ತಕ್ಕಡಿಯಲ್ಲಿ, ಜನರ ಮಾತುಗಳನ್ನೇ ಹಾಕಿ ತೂಗುತ್ತಿದ್ದರು. ಪರಸ್ಥಳದ ಹೈಸ್ಕೂಲುಗಳಲ್ಲಿ ಓದಲು ಹೋಗಿ, ನಪಾಸಾಗಿ, ಮನೆಗೆ ಬಂದು ಕುಳಿತಿದ್ದವರೆಲ್ಲ ಸಾಲುಗಟ್ಟಿ ಬಂದು ತಮ್ಮ ಸಂಕಟವನ್ನು ಪಡುವಣ ತಟ್ಟೆಗೆ ಸುರಿದಿದ್ದರು. ಅವರಿಗೆ ಬಿಡುವಿತ್ತು, ಬಂದರು. ಓದಿ ಮುಂದೆ ಬಂದವರು ಎಲ್ಲೆಲ್ಲಿಯೋ ತಮ್ಮ ಕೆಲಸದಲ್ಲಿದ್ದರು. ಅವರಿಗೆ ಬಿಡುವಿರಲಿಲ್ಲ, ಬರಲಿಲ್ಲ. 'ಬೇಡ' ಎಂಬ ಆ ತಟ್ಟೆ ನೆಲಕ್ಕೆ ತಾಗಿ ಕುಳಿತಿತ್ತು. ದೋಣಿಯವನು ಹುಟ್ಟು ಮುಟ್ಟಲು ಒಪ್ಪದಿದ್ದಾಗ ನಾನು ನಮ್ಮ ಹಿತ್ತಲಿನ ಬಾಳೆಗಳನ್ನೇ ಕಡಿದು, ಬಿದಿರಿನ ಗೂಟ ಹೊಡೆದು ತೆಪ್ಪ ಕಟ್ಟಿದೆ. ಹೈಸ್ಕೂಲು ಓದಿ ಕೆಲಸಕ್ಕೆ ಸೇರಿದ್ದ ದೇವೀರಮ್ಮನವರು ಮೊದಲು ರಜೆಯಿಲ್ಲವೆಂದರು. ಕಚೇರಿಯ ಮೆಟ್ಟಿಲ ಮೇಲೆ ನಾನು ಒದ್ದೆ ಬಟ್ಟೆಯಲ್ಲೇ ಕುಳಿತುಬಿಟ್ಟೆ. ಬರುವಾಗ ಅವರು ಕೊಡೆ ಬಿಚ್ಚಿ ನೆಟ್ಟಗೆ ಕುಳಿತು, ದಾರಿಯುದ್ದಕ್ಕೂ "ಎಡಕ್ಕೆ ಹಾಕೋ ಕೋತಿ, ಎಡಕ್ಕೆ!" ಎಂದು ನನ್ನನ್ನು ಬೈದರು. ಕಟ್ಟೆಯನ್ನೇರಿ 'ಬೇಕು' ಎಂಬ ಮೂಡಣ ತಟ್ಟೆಯತ್ತ ಬಾಗಿ, "ನಾನು ದುಡಿದ ಅನ್ನ ನಾನು ತಿಂತೀನಿ, ಯಾರ ಮುಖಾನೂ ನೋಡೋ ಹಾಗಿಲ್ಲ" ಎಂದರು, ಅಷ್ಟೆ. ತಟ್ಟೆ ದಬ್ಬೆಂದು ಕೆಳಗಿಳಿದು ಕಟ್ಟೆಯ ಧೂಳೆಲ್ಲ ಎದ್ದಿತು. ಮರುವರ್ಷ ಹೈಸ್ಕೂಲು ಎದ್ದಿತು. ಅದರಲ್ಲಿ ನಿವೃತ್ತಿಯವರೆಗೂ ನಾನೇ ಪ್ರಬಂಧ ರಚನೆಯನ್ನು ಕಲಿಸಿದೆ.

ನಮ್ಮೂರಿನ ತಕ್ಕಡಿ ಬಾಳಿದ ಮಾತನ್ನು ಮಾತ್ರ ತೂಗುತ್ತದೆ. ಕೇಳಿದ ಮಾತು, ಓದಿದ ಮಾತು ಅದಕ್ಕೆ ಗಾಳಿಗೆ ಸಮಾನ. ಬಾಳಿದ ಮಾತಾದರೂ ಮೊದಲ ಸಲ ಬಾಯಿಂದ ಹೊರಬಂದಾಗಲೇ ಅದರ ಪೂರ್ಣ ಭಾರ. ಹೇಳಿದಷ್ಟೂ ಹಗುರವಾಗುತ್ತ ಹೋಗುತ್ತದೆ. ಆದಕಾರಣ ನಮ್ಮ ಜನ ತಮ್ಮ ಸುಖದುಃಖಗಳನ್ನು ಜಗುಲಿಯ ಮೇಲೆ ಆಡಿ ಖರ್ಚು ಮಾಡಿಕೊಳ್ಳುವವರಲ್ಲ. ಅತ್ತೆಯ ಕಾಟವನ್ನು ಸೊಸೆ ವರ್ಷಗಟ್ಟಲೆ ಕೂಡಿಟ್ಟುಕೊಂಡಿರುತ್ತಾಳೆ, ಮನೆ ಭಾಗವಾಗುವ ದಿನಕ್ಕೆ ಬೇಕಾದೀತೆಂದು. ಹೊಸದಾಗಿ ಮದುವೆಯಾದವರನ್ನು "ಹೇಗಿದ್ದೀರಿ?" ಎಂದು ಕೇಳಿದರೆ ಮುಗುಳ್ನಕ್ಕು ಸುಮ್ಮನಾಗುತ್ತಾರೆ. ಇಂಥ ಊರಿನಲ್ಲಿ ದುಂದುಗಾರನೆಂದರೆ ನಾನೊಬ್ಬನೇ. ತೆಪ್ಪದ ಕಥೆಯನ್ನು ತರಗತಿಗಳಲ್ಲಿ, ಬೀಗರ ಮನೆಗಳಲ್ಲಿ, ಕ್ಷೌರದಂಗಡಿಯಲ್ಲಿ ಹೇಳುತ್ತಲೇ ಬಂದಿದ್ದೇನೆ. "ಮಾವ, ಪಾಯಸ ಆರಿ ಹೋಗ್ತಿದೆ, ಹೊಳೆ ಬೇಗ ದಾಟಿ," ಎಂದು ನನ್ನ ಸೊಸೆ ರತ್ನಮಾಲಾ ಬಡಿಸುವಾಗ ಛೇಡಿಸುವುದುಂಟು.

ಈ ವರ್ಷ ನನ್ನ ಮೊಮ್ಮಗಳು ಮೃದುಲಾ ದಿಬ್ಬದ ವಿದ್ಯಾಲಯಕ್ಕೆ ಆಯ್ಕೆಯಾದಳು! ನಮ್ಮ ಸೀಮೆಯಾಚೆಯ ದಿಬ್ಬದ ಮೇಲಿರುವ ಆ ಖಾಸಗಿ ವಿಶ್ವವಿದ್ಯಾಲಯವು ನೂರು ಮಂದಿ ಬಾಗಿಲು ತಟ್ಟಿದರೆ ನಾಲ್ವರನ್ನು ಒಳಗೆ ಬಿಟ್ಟುಕೊಳ್ಳುವಂಥದು. ನಮ್ಮೂರಿನಿಂದ ಅದರ ಹೊಸ್ತಿಲನ್ನು ತುಳಿದವರು ಅದುವರೆಗೆ ಯಾರೂ ಇರಲಿಲ್ಲ. ಸುದ್ದಿ ಬಂದ ದಿನ ನಾನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಲ್ಲುಸಕ್ಕರೆ ಹಂಚಿದೆ. ಆದರೆ ಶುಲ್ಕವನ್ನು ಕೇಳಿದ ನನ್ನ ಮಗ ನಾಗಭೂಷಣ, ಕೈಯಲ್ಲಿದ್ದ ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟ. ನಮ್ಮದು ಗೋಲಿ ಸೋಡಾ ತಯಾರಿಸುವ ಮನೆ. ಹಸಿರು ಸೀಸೆಗಳು, ಅವುಗಳ ಕತ್ತಿನಲ್ಲಿ ಗೋಲಿಗಳು, ಕೈಯಿಂದ ತಿರುಗಿಸುವ ಯಂತ್ರ: ಸಂಸಾರ ನಡೆಯುವುದು ಇಷ್ಟರಿಂದಲೇ. ದಿಬ್ಬದ ಶುಲ್ಕಕ್ಕೆ ಅವೆಲ್ಲವನ್ನೂ, ಅಂಗಡಿಯ ಸಮೇತ, ಮಾರಬೇಕಾಗಿತ್ತು.

"ಅಪ್ಪಾ, ಮಷೀನ್ ಮಾರಿದ ಮೇಲೆ ನಾಳೆ ಬೆಳಿಗ್ಗೆ ನಾನೇನು ತಿರುಗಿಸ್ಲಿ, ನಿಮ್ಮ ಕಥೇನಾ?" ಎಂದ ಅವನು.

"ಅವಳು ಓದಿ ಬಂದ ಮೇಲೆ ನೀನು ಏನನ್ನೂ ತಿರುಗಿಸಬೇಕಾಗಿಲ್ಲ ಕಣೋ," ಎಂದೆ ನಾನು.

"ಬಂದ ಮೇಲೆ ತಾನೆ?"

ಮನೆಯಲ್ಲಿ ಇದಕ್ಕಿಂತ ಹೆಚ್ಚು ಮಾತು ಬೆಳೆಸಿದರೆ ಭಾರ ಸೋರಿಹೋದೀತೆಂದು ರತ್ನಮಾಲಾ ನಮ್ಮಿಬ್ಬರನ್ನೂ ಗದರಿದಳು. ಮೃದುಲಾ ಹೋಗುವಳೋ ಇಲ್ಲವೋ ಎಂಬುದು ತಕ್ಕಡಿಗೆ ಹೋಯಿತು.

ತೂಗುವಿಕೆಗೆ ಮೂರು ದಿನದ ಅವಕಾಶ. ಮೂರನೆಯ ಸಂಜೆ ಸೂರ್ಯ ಮುಳುಗುವಾಗ ಯಾವ ತಟ್ಟೆ ಕೆಳಗಿದೆಯೋ ಅದೇ ತೀರ್ಮಾನ; ಬಳಿಕ ತಕ್ಕಡಿಯನ್ನು ಕಾಯುವ ಬೋರಮ್ಮ ಎರಡೂ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದುಬಿಡುತ್ತಾಳೆ. ಮೊದಲ ದಿನ ಬೆಳಗಾಗುವಷ್ಟರಲ್ಲಿ ಕಟ್ಟೆಯ ಸುತ್ತ ಚುರುಮುರಿ ಗಾಡಿಗಳು ನಿಂತಿದ್ದವು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಮಾಳಿಗೆಗಳಿಂದ ಬಗ್ಗಿ ನೋಡುವವರು, ಪಕ್ಕದ ಹಳ್ಳಿಗಳಿಂದ ಬಂದವರು! ನಾನು ಇಸ್ತ್ರಿ ಮಾಡಿದ ಕೋಟನ್ನು ತೊಟ್ಟು, ಜರಿಯ ಪೇಟವನ್ನಿಟ್ಟು, ಮುಂದಿನ ಸಾಲಿನಲ್ಲಿ ಕುಳಿತೆ.

ವಿದ್ಯಾಲಯದ ಪ್ರವೇಶ ವಿಭಾಗದಿಂದ ಶರ್ಮಿಳಾ ಎಂಬ ಅಧಿಕಾರಿಣಿ ಬಂದಿದ್ದರು. ಆಕೆ ಮೂಡಣ ತಟ್ಟೆಯತ್ತ ಬಾಗಿ, "ನಮ್ಮಲ್ಲಿ ಓದಿದ ನೂರಕ್ಕೆ ತೊಂಬತ್ತು ಮಂದಿಗೆ ಆರು ತಿಂಗಳೊಳಗೆ ಉದ್ಯೋಗ. ಸರಾಸರಿ ವೇತನ ಇತರ ಕಾಲೇಜುಗಳ ಇಮ್ಮಡಿ," ಎಂದು ಹೊಳೆಯುವ ಪುಸ್ತಿಕೆಯನ್ನು ನೋಡಿ ಓದಿದರು. ತಟ್ಟೆ ಅಲುಗಲಿಲ್ಲ.

"ಸರಾಸರಿ ಅನ್ನೋರನ್ನೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು ತಾಯಿ," ಎಂದಳು ಬೋರಮ್ಮ. ಜನ ಗೊಳ್ಳೆಂದರು.

ಅನಂತರ ನಾಗಭೂಷಣ ಪಡುವಣ ತಟ್ಟೆಯ ಬಳಿ ನಿಂತ. ಮಾತನಾಡುವ ಅಭ್ಯಾಸವಿಲ್ಲದವನು. ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದ: "ಈ ಹುಬ್ಬಿನ ಗಾಯ ಸೈಕಲ್‌ನಿಂದ ಬಿದ್ದಿದ್ದಲ್ಲ. ಸೀಸೆ ಸಿಡಿದಿದ್ದು. ಕಣ್ಣು ಹೋಯ್ತು ಅಂದ್ಕೊಂಡೆ. ಬಟ್ಟೆ ಕಟ್ಕೊಂಡು ಸಂಜೆವರೆಗೂ ಒಂದೇ ಕಣ್ಣಲ್ಲಿ ಮಷೀನ್ ತಿರುಗಿಸ್ದೆ. ಅವತ್ತು ನಿಲ್ಸಿದ್ರೆ ಮಾರನೇ ದಿನ ಅಕ್ಕಿ ಇರ್ಲಿಲ್ಲ."

ಪಡುವಣ ತಟ್ಟೆ ಇಳಿಯಿತು. ರತ್ನಮಾಲಾ ಸೆರಗನ್ನು ಬಾಯಿಗಿಟ್ಟುಕೊಂಡು ಗಂಡನನ್ನೇ ನೋಡುತ್ತಿದ್ದಳು. ಆ ಗಾಯವನ್ನು ಕುರಿತು, ಸೈಕಲ್ಲನ್ನು ನೆಟ್ಟಗೆ ಓಡಿಸಲು ಬಾರದವನೆಂದು ನಾನು ಅವನನ್ನು ಎಷ್ಟೋ ಸಲ ಹಾಸ್ಯ ಮಾಡಿದ್ದೆ.

ಆದರೆ ದಿಬ್ಬದವರು ನಮ್ಮ ಪದ್ಧತಿಯನ್ನು ತಿಳಿದೇ ಬಂದಿದ್ದರು. ತನ್ನ ಕಥೆಯನ್ನು ಎಲ್ಲಿಯೂ ಬಾಯಿಬಿಡದ ಒಬ್ಬ ಹೊಸ ಪದವೀಧರನನ್ನು ಜೊತೆಗೆ ಕರೆತಂದಿದ್ದರು. ಪ್ರಣೀತನೆಂದು ಅವನ ಹೆಸರು, ಕಪಟವಿಲ್ಲದ ಮುಖ. ಅವನು ಮೂಡಣ ತಟ್ಟೆಗೆ ಬಾಗಿ, "ನಮ್ಮಮ್ಮ ನಾಲ್ಕು ಮನೇಲಿ ಪಾತ್ರೆ ತೊಳೀತಿದ್ರು. ನನ್ನ ಮೊದಲನೇ ಸಂಬಳದ ದಿನ ಆ ನಾಲ್ಕೂ ಮನೆಗೆ ಅವರ ಜೊತೆ ನಾನೇ ಹೋಗಿ, ನಾಳೆಯಿಂದ ಅಮ್ಮ ಬರಲ್ಲ ಅಂತ ಹೇಳಿ ಬಂದೆ," ಎಂದ. ತಟ್ಟೆ ಧಡಾರನೆ ನೆಲಕ್ಕಿಳಿಯಿತು! ಶಿಳ್ಳೆಗಳು, ಚಪ್ಪಾಳೆಗಳು! ನಾನು ಪೇಟವನ್ನು ಗಾಳಿಗೆ ಹಾರಿಸಿದೆ. ಅದು ಚುರುಮುರಿ ಗಾಡಿಯ ಈರುಳ್ಳಿಯ ಮೇಲೆ ಬಿದ್ದಿತು.

ಆ ಗದ್ದಲದ ನಡುವೆ ಮೃದುಲಾ ಪ್ರಣೀತನ ಬಳಿಗೆ ಹೋಗಿ ಮೆಲ್ಲನೆ ಕೇಳಿದ್ದು ನನ್ನ ಕಿವಿಗೆ ಬಿದ್ದಿತು.

"ಅಣ್ಣಾ, ಕ್ಲಾಸಲ್ಲಿ ನಿಮ್ಮ ಪಕ್ಕ ಯಾರು ಕೂತ್ಕೋತಿದ್ರು?"

"ಪಕ್ಕಾನಾ? ನಳಿನಾಕ್ಷಿ ಅಂತ. ನನಗಿಂತ ಜಾಣೆ. ಲೆಕ್ಕ ಎಲ್ಲ ಅವಳೇ ಹೇಳ್ಕೊಡ್ತಿದ್ಲು."

"ಈಗ ಎಲ್ಲಿದ್ದಾರೆ?"

ಅವನು ತಲೆ ಕೆರೆದುಕೊಂಡ. "ಗೊತ್ತಿಲ್ಲ ಕಣಮ್ಮ. ಪಾಸಾದ ಮೇಲೆ ಯಾರಿಗೂ ಸಿಗ್ಲಿಲ್ಲ. ಜಂಕ್ಷನ್ ಪಟ್ಟಣದಲ್ಲಿ ಯಾವ್ದೋ ಫೋಟೋ ಸ್ಟುಡಿಯೋ ಅಂದಿದ್ರು."

ಗೆದ್ದ ಸಂಭ್ರಮದಲ್ಲಿ ನಾನು ಅದಕ್ಕೆ ಗಮನ ಕೊಡಲಿಲ್ಲ. ನೇರವಾಗಿ ಪೇಟೆಗೆ ನಡೆದು ಅವಳಿಗೊಂದು ತಗಡಿನ ಪೆಟ್ಟಿಗೆಯನ್ನು ಕೊಂಡು, ಅದರ ಮೇಲೆ ಅವಳ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದೆ.

ಎರಡನೆಯ ದಿನ ಬೆಳಿಗ್ಗೆ ಹುಡುಗಿ ಮನೆಯಲ್ಲಿರಲಿಲ್ಲ. ಗೆಳತಿಯ ಮನೆಗೆ ಹೋಗಿದ್ದಾಳೆಂದು ರತ್ನಮಾಲಾ ಹೇಳಿದಳು. ರಾತ್ರಿಗೂ ಬರಲಿಲ್ಲ, ಜಂಕ್ಷನ್ನಿನಲ್ಲಿರುವ ತನ್ನ ತಂಗಿಯ ಮನೆಯಲ್ಲಿ ಉಳಿದಿರುವಳೆಂದು ರತ್ನಮಾಲಾ ಆಗ ತಿಳಿಸಿದಳು. "ನಾನೇ ಬಸ್ ಚಾರ್ಜ್ ಕೊಟ್ಟೆ ಮಾವ. ಯಾಕೆ ಅಂತ ಮಾತ್ರ ಕೇಳ್ಬೇಡಿ, ನನಗೂ ಪೂರ್ತಿ ಹೇಳ್ಲಿಲ್ಲ."

ಮೂರನೆಯ ದಿನ ಮಧ್ಯಾಹ್ನವಾಯಿತು, ಬಿಸಿಲು ಇಳಿಯಿತು. ತೂಗುವಿಕೆಗೆ ಕಾರಣಳಾದವಳು ಮುಕ್ತಾಯಕ್ಕೆ ಕಟ್ಟೆಯ ಮೇಲಿಲ್ಲದಿದ್ದರೆ ಎಲ್ಲ ತೂಕವೂ ರದ್ದು. ಹೋಗುವ ಮಾತೇ ಇಲ್ಲ. ಕಟ್ಟೆಯ ಕಂಬದ ನೆರಳು ಉದ್ದವಾಗುತ್ತ ಹೋದಂತೆ ನಾನು ಕುಳಿತಲ್ಲಿಂದ ಎದ್ದೆದ್ದು ದಾರಿ ನೋಡಿದೆ. ಶರ್ಮಿಳಾ ಗಡಿಯಾರವನ್ನು ನೋಡಿಕೊಳ್ಳುತ್ತಿದ್ದರು. ಬೋರಮ್ಮ ಹುಣಸೆಹಣ್ಣನ್ನು ನೀರಿನಲ್ಲಿ ನೆನೆಹಾಕಿದಳು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಕೂಗು: "ಬಂದ್ಲು! ಸೋಡಾ ನಾಗಣ್ಣನ ಮಗಳು ಬಂದ್ಲು! ಜೊತೇಲಿ ಯಾರೋ ಇದ್ದಾರೆ!"

ಮೃದುಲಾ ಓಡುತ್ತಲೇ ಬಂದಳು. ಅವಳ ಕೈಯನ್ನು ಹಿಡಿದು ಎಳೆಸಿಕೊಂಡು ಬರುತ್ತಿದ್ದವಳು ಬಡಕಲು ದೇಹದ, ದಪ್ಪ ಕನ್ನಡಕದ ಯುವತಿ. ಪ್ರಣೀತ ಎದ್ದು ನಿಂತ. "ನಳಿನಾಕ್ಷಿ!" ಎಂದ. ಆಕೆ ಅವನತ್ತ ನೋಡಲಿಲ್ಲ. ಬರಲು ಒಪ್ಪಿರಲೇ ಇಲ್ಲವಂತೆ. ಹುಡುಗಿ ಸ್ಟುಡಿಯೋದ ಮೆಟ್ಟಿಲ ಮೇಲೆ ಕುಳಿತುಬಿಟ್ಟಳಂತೆ, ಅಂಗಡಿಗೆ ಬೀಗ ಹಾಕಿದರೂ ಏಳಲಿಲ್ಲವಂತೆ. ಇದನ್ನು ಕೇಳಿ ನನಗೆ ತಂತಿ ಕಚೇರಿಯ ಮೆಟ್ಟಿಲು ನೆನಪಾಯಿತು.

ನಳಿನಾಕ್ಷಿ ಪಡುವಣ ತಟ್ಟೆಗೆ ಬಾಗಿದಳು. "ನಾನು ದಿಬ್ಬದಲ್ಲಿ ಓದಿ ಪಾಸಾದವಳು. ಈಗ ಮದುವೆ ಫೋಟೋಗಳಲ್ಲಿ ಮುಖದ ಕಲೆ ಅಳಿಸೋ ಕೆಲಸ. ನನ್ನ ಪಕ್ಕದ ಕುರ್ಚಿಯವಳು ಹತ್ತನೇ ಕ್ಲಾಸು ಓದಿದ್ದಾಳೆ. ಇಬ್ಬರಿಗೂ ಒಂದೇ ಸಂಬಳ. ನನ್ನದರಲ್ಲಿ ಅರ್ಧ ಇವತ್ತಿಗೂ ಕಾಲೇಜಿನ ಸಾಲದ ಕಂತಿಗೆ ಹೋಗುತ್ತೆ. ಅಪ್ಪ ಊರಲ್ಲೆಲ್ಲ ಮಗಳು ದೊಡ್ಡ ಆಫೀಸರು ಅಂತ ಹೇಳಿದ್ದಾರೆ. ಅದಕ್ಕೇ ನಾನು ಹಬ್ಬಕ್ಕೂ ಊರಿಗೆ ಹೋಗಲ್ಲ."

ಯಾರಿಗೂ ಆಡದೆ ಇಟ್ಟುಕೊಂಡ ಮಾತು! ತಕ್ಕಡಿಯ ದಂಡ ಕಿರ್ರೆಂದಿತು. ಪ್ರಣೀತನ ತಟ್ಟೆ ಆಕಾಶಕ್ಕೇರಿ, ಪಡುವಣ ತಟ್ಟೆ ಕಲ್ಲುಹಾಸಿಗೆ ಅಪ್ಪಳಿಸಿತು. ಚುರುಮುರಿಯವನ ಕೈ ಕೂಡ ನಿಂತಿತ್ತು. ನಾಗಭೂಷಣನ ಮುಖದಲ್ಲಿ ಗೆಲುವಿರಲಿಲ್ಲ. ತಾನು ಸೋತವನಂತೆ ಮಗಳನ್ನೇ ನೋಡುತ್ತಿದ್ದ. ಇವಳೇಕೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳೆಂದು ನನಗೆ ಅರ್ಥವಾಗಲಿಲ್ಲ.

ಆದರೆ ನಳಿನಾಕ್ಷಿ ಇಳಿದುಹೋಗಲಿಲ್ಲ. ನಡುವಿನ ಕಂಬವನ್ನು ಸುತ್ತಿ ಮೂಡಣ ತಟ್ಟೆಯ ಕಡೆ ನಡೆದಳು. "ಏಯ್, ಏಯ್! ಒಬ್ರು ಒಂದೇ ತಟ್ಟೆಗೆ!" ಎಂದು ಜನ ಕೂಗಿಕೊಂಡರು. ಹುಟ್ಟಿದಾಗಿನಿಂದ ನಾನು ಕಂಡ ಕ್ರಮವೂ ಅದೇ: ಆಗಲಿ ಎನ್ನುವವರು ಮೂಡಣಕ್ಕೆ, ಬೇಡವೆನ್ನುವವರು ಪಡುವಣಕ್ಕೆ. ಎಲ್ಲರೂ ಬೋರಮ್ಮನ ಮುಖ ನೋಡಿದರು.

ಬೋರಮ್ಮ ಕೈಯ ಹುಣಸೆ ನೀರನ್ನು ಕೊಡವಿ, "ಯಾಕೆ, ಬಾಳಿದ್ದೆಲ್ಲ ಒಂದೇ ಕಡೆಗೆ ಬೀಳ್ಬೇಕು ಅಂತ ಯಾರಪ್ಪ ಬರೆದಿಟ್ಟೋರು? ತಟ್ಟೆ ನಂದು. ನೀ ಮಾತಾಡು ಮಗಾ," ಎಂದಳು.

ನಳಿನಾಕ್ಷಿ ಕನ್ನಡಕವನ್ನು ತೆಗೆದು ಒರೆಸಿಕೊಂಡಳು. "ಅಲ್ಲಿ ಒಂದು ದಿನ ಕತ್ತಲೆ ಕೋಣೇಲಿ ಗಾಜಿನ ಮೇಲೆ ಬೆಳಕು ಬಿಟ್ಟು ನೋಡ್ತಿದ್ದೆ. ಬೆಳಕು ಯಾಕೆ ಬಾಗುತ್ತೆ ಅನ್ನೋದು ಇದ್ದಕ್ಕಿದ್ದ ಹಾಗೆ ಹೊಳೀತು. ಪುಸ್ತಕದಲ್ಲಿ ಓದಿದ್ದಲ್ಲ, ನನಗೇ ಹೊಳೆದಿದ್ದು. ಒಬ್ಬಳೇ ಜೋರಾಗಿ ಕೂಗ್ಬಿಟ್ಟೆ. ಈಗಲೂ ಸ್ಟುಡಿಯೋ ಕಿಟಕೀಲಿ ಬಿಸಿಲು ಬಿದ್ದಾಗ ನನಗೆ ಕಾಣೋದು ಪಕ್ಕದವಳಿಗೆ ಕಾಣಲ್ಲ. ಆ ವರ್ಷಗಳನ್ನ ವಾಪಸ್ ಕೊಡು, ಸಾಲ ಎಲ್ಲ ತೀರಿಸ್ತೀವಿ ಅಂದ್ರೆ, ನಾನು ಕೊಡಲ್ಲ."

ಮೂಡಣ ತಟ್ಟೆ ಇಳಿಯತೊಡಗಿತು. ಇಳಿಯಿತು, ಇನ್ನೂ ಇಳಿಯಿತು, ಪಡುವಣ ತಟ್ಟೆಯ ಮಟ್ಟಕ್ಕೆ ಬಂದು ನಿಂತಿತು. ಎರಡೂ ಸಮ! ಅಂಥದನ್ನು ನಮ್ಮೂರು ಕಂಡಿರಲಿಲ್ಲ. ಜನ ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು. ಸೂರ್ಯ ಮಾಳಿಗೆಗಳ ಅಂಚನ್ನು ಮುಟ್ಟಿದ್ದ. ಕೂದಲೆಳೆಯಷ್ಟು ತೂಕ ಬಿದ್ದರೂ ಸಾಕಾಗಿತ್ತು!

ನಾನು ತಡೆಯಲಾರದೆ ಕಟ್ಟೆಗೆ ನೆಗೆದೆ. ಮೂಡಣ ತಟ್ಟೆಗೆ ಬಾಗಿ, ಉಕ್ಕಿದ ಹೊಳೆಯಿಂದ ಆರಂಭಿಸಿ, ಬಾಳೆದಿಂಡು, ಬಿದಿರಿನ ಗೂಟ, ದೇವೀರಮ್ಮನವರ ಕೊಡೆ, ಯಾವುದನ್ನೂ ಬಿಡದೆ, ನನ್ನ ಅತ್ಯುತ್ತಮ ಶೈಲಿಯಲ್ಲಿ ನಿರೂಪಿಸಿದೆ. ತಟ್ಟೆ ಮಿಸುಕಲಿಲ್ಲ. ಅಂಚಿನ ಮೇಲೊಂದು ನೊಣ ಬಂದು ಕುಳಿತಿತು.

"ಮೇಷ್ಟ್ರೇ, ನೊಣ ಕೂತಾಗಲಾದ್ರೂ ಒಂಚೂರು ಅಲ್ಲಾಡ್ತು," ಎಂದಳು ಬೋರಮ್ಮ. "ಎಲ್ಲಾನೂ ಖರ್ಚು ಮಾಡ್ಕೊಂಡ್ ಬಿಟ್ಟಿದ್ದೀರಲ್ಲ!"

ಊರಿಗೆ ಊರೇ ನಕ್ಕಿತು. ನನ್ನ ಹಳೆಯ ವಿದ್ಯಾರ್ಥಿಗಳು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಕಟ್ಟೆಯಿಂದ ಇಳಿಯುವ ಮೂರು ಮೆಟ್ಟಿಲುಗಳು ನನಗೆ ಅಂದು ಬಹಳ ಎತ್ತರವೆನಿಸಿದವು. ಯಾರೋ ತೋಳನ್ನು ಹಿಡಿದುಕೊಂಡರು, ನೋಡಿದರೆ ನಾಗಭೂಷಣ.

ನಗು ಅಡಗುವ ಮೊದಲೇ ಮೃದುಲಾಳ ಧ್ವನಿ ಕೇಳಿಸಿತು. ಅವಳು ಶರ್ಮಿಳಾರ ಎದುರು ನಿಂತಿದ್ದಳು. "ಮೇಡಂ, ಕೇಳಿದವರಿಗೆ ಅರ್ಧಕ್ಕಿಂತ ಹೆಚ್ಚು ಶುಲ್ಕ ಬಿಡ್ತೀರಂತೆ. ಕೇಳಬಹುದು ಅಂತ ಮಾತ್ರ ಯಾರಿಗೂ ಹೇಳಲ್ವಂತೆ. ನಳಿನಕ್ಕನಿಗೆ ಕಡೇ ವರ್ಷದಲ್ಲಿ ಗೊತ್ತಾಯ್ತಂತೆ. ಹೌದಾ?"

ಶರ್ಮಿಳಾರ ಮುಖ ಕೆಂಪಾಯಿತು. "ಅದಕ್ಕೆಲ್ಲ ಒಂದು ಕ್ರಮ ಇದೆಯಮ್ಮ. ಆಫೀಸಿಗೆ ಬಂದರೆ ಮಾತಾಡೋಣ."

"ಇಲ್ಲೇ ಮಾತಾಡಿ ಮೇಡಂ. ತಟ್ಟೆಗೆ."

"ತಟ್ಟೆಗೆ! ತಟ್ಟೆಗೆ!" ಗುಂಪು ತಾಳ ಹಾಕತೊಡಗಿತು. ಸೂರ್ಯನ ಅರ್ಧಭಾಗ ಮಾತ್ರ ಉಳಿದಿತ್ತು. ಆಕೆ ಪ್ರಣೀತನನ್ನು ನೋಡಿದರು, ನಳಿನಾಕ್ಷಿಯನ್ನು ನೋಡಿದರು. ಆಮೇಲೆ ಪುಸ್ತಿಕೆಯನ್ನು ಕುರ್ಚಿಯ ಮೇಲಿಟ್ಟು ಬರಿಗೈಯಲ್ಲಿ ಕಟ್ಟೆಯನ್ನೇರಿದರು.

"ಕೇಳಿಕೊಂಡು ಬಂದ ಮಕ್ಕಳಿಗೆ ಮುಕ್ಕಾಲು ಶುಲ್ಕದವರೆಗೆ ಬಿಟ್ಟಿದ್ದೇನೆ, ನನ್ನ ಕೈಯಾರೆ. ಬಾಗಿಲ ತನಕ ಬಂದು, ಕೇಳದೆ ಹಿಂದೆ ಹೋದವರನ್ನೂ ಕಿಟಕಿಯಿಂದ ನೋಡಿದ್ದೇನೆ. ಕೂಗಿ ಕರೆಯಲಿಲ್ಲ." ಮೂಡಣ ತಟ್ಟೆ ಗೇಣುದ್ದ ಇಳಿಯಿತು. ಆಕೆಗೂ ಅದು ಮೊದಲ ಸಲದ ಮಾತಾಗಿತ್ತು. "ಈ ಹುಡುಗಿಗೂ ಮುಕ್ಕಾಲು ಬಿಡುತ್ತೇನೆ," ಎಂದರು. ಈ ಸಲ ತಟ್ಟೆ ಇದ್ದಲ್ಲಿಯೇ ಇತ್ತು.

"ಮುಂದಿನದು ತೂಗಲ್ಲ ತಾಯಿ," ಎಂದಳು ಬೋರಮ್ಮ. "ಅದಕ್ಕೆ ರುಜು ಹಾಕ್ಬೇಕು."

ನಾಗಭೂಷಣ ಒಂದು ಖಾಲಿ ಸೋಡಾ ಪೆಟ್ಟಿಗೆಯನ್ನು ತಂದು ಬೋರಲು ಹಾಕಿದ, ಅದೇ ಮೇಜಾಯಿತು. ರುಜು ಬಿದ್ದ ಗಳಿಗೆಗೂ ಸೂರ್ಯ ಮುಳುಗಿದ ಗಳಿಗೆಗೂ ಅಂತರವಿರಲಿಲ್ಲ. ಯಂತ್ರವೂ ಉಳಿಯಿತು, ಹುಡುಗಿಯೂ ಹೊರಟಳು! ಆ ಸಂಜೆ ನನ್ನ ಮಗ ಊರಿಗೆಲ್ಲ ಸೋಡಾ ಕೊಟ್ಟ. ಗೋಲಿಗಳನ್ನು ಒತ್ತುವ ಸದ್ದು ಬೀದಿಯುದ್ದಕ್ಕೂ ಪಟಾಕಿಯಂತೆ ಕೇಳಿತು. ನಳಿನಾಕ್ಷಿ ಒಂದು ಸೀಸೆಯನ್ನು ಎತ್ತಿ ದೀಪದ ಬೆಳಕಿಗೆ ಹಿಡಿದು, ಗೋಲಿಯೊಳಗೆ ಊರು ತಲೆಕೆಳಗಾಗಿ ನಿಂತಿರುವುದನ್ನು ಮೃದುಲಾಳಿಗೆ ತೋರಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಆಕೆ ಸ್ಟುಡಿಯೋಗೆ ಹಿಂದಿರುಗಲಿಲ್ಲ. ತನ್ನ ಊರಿನ ಬಸ್ಸನ್ನು ಹತ್ತಿದಳು. ಆಡಿ ಮುಗಿಸಿದ ಮಾತು ಹಗುರವಾಗಿತ್ತು, ಇನ್ನು ಅದನ್ನು ತಂದೆಗೂ ಹೇಳಬಹುದಾಗಿತ್ತು.

ಮೃದುಲಾ ಹೊರಡುವ ದಿನ ಬಸ್ ನಿಲ್ದಾಣದಲ್ಲಿ ನಾವೆಲ್ಲ ನಿಂತಿದ್ದೆವು. ತಗಡಿನ ಪೆಟ್ಟಿಗೆಯನ್ನು ಇಬ್ಬರು ಸೇರಿದರೂ ಬಸ್ಸಿನ ಮೇಲಕ್ಕೆ ಏರಿಸಲಾಗದೆ ಕಂಡಕ್ಟರು ಗೊಣಗುತ್ತಿದ್ದ. "ಚಟ್ನಿಪುಡಿ ಒಂದು ಡಬ್ಬಿ ತೆಗಿ ಅಂದ್ರೆ ಕೇಳಲ್ಲ, ಎರಡು ಹಾಕಿದ್ದೀಯ," ಎಂದು ನಾಗಭೂಷಣ ಹೆಂಡತಿಯನ್ನು ಆಕ್ಷೇಪಿಸಿದ. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ತಕ್ಕಡಿಯ ದಿನದಿಂದ ನಾನು ತೆಪ್ಪದ ಸುದ್ದಿಯನ್ನು ಎತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಪಾಯಸ ಬಿಸಿಯಾಗಿಯೇ ಇರುತ್ತಿತ್ತು.

ಅವಳು ಬಂದು ನನ್ನ ಪಾದ ಮುಟ್ಟಿದಳು. ಎದ್ದವಳು ಹೋಗದೆ ಅಲ್ಲೇ ನಿಂತಳು.

"ಏನಮ್ಮ, ಏನಾದರೂ ಮರೆತೆಯಾ?"

"ಹೂಂ. ದೇವೀರಮ್ಮನೋರಿಗೆ ರಜೆ ಇರ್ಲಿಲ್ಲ, ನಳಿನಕ್ಕನ ಹಾಗೇ ಅವರೂ ತಾವಾಗೇ ಬರ್ತಿರ್ಲಿಲ್ಲ, ಅಲ್ವಾ ತಾತ? ಅಲ್ಲಿಂದ ಹೇಳಿ. ಇಲ್ಲ, ಬೇಡ, ಬಾಳೆ ಕಡಿದಾಗಿನಿಂದ ಹೇಳಿ."

"ಅದರಲ್ಲಿ ಈಗ ಗುಲಗಂಜಿ ತೂಕವೂ ಇಲ್ಲ ಮಗು. ಊರೆಲ್ಲ ನೋಡಿತಲ್ಲ."

ಅವಳು ಬಸ್ಸಿನ ಮೇಲೆ ಓರೆಯಾಗಿ ತೂಗಾಡುತ್ತಿದ್ದ ಪೆಟ್ಟಿಗೆಯತ್ತ ಒಮ್ಮೆ ನೋಡಿ, ನನ್ನ ಕೋಟಿನ ತೋಳನ್ನು ಹಿಡಿದು ಜಗ್ಗಿದಳು. "ಅದಕ್ಕೇ ತಾತ, ಎಷ್ಟು ದೂರ ಬೇಕಾದ್ರೂ ಹೊತ್ಕೊಂಡು ಹೋಗಬಹುದು. ಬಸ್ ಹೊರಡೋಕೆ ಇನ್ನೂ ಹೊತ್ತಿದೆ. ಇನ್ನೊಂದ್ಸಲ ಹೇಳಿ."